ಬ್ರೇಕ್‌ಗೆ ಮುಂಚಿನ ಮಾತು: ಟಿವಿ ಸಾಕ್ಷ್ಯಚಿತ್ರದ ರಚನೆ ಕಲಿಸುವ ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಸುತ್ತೇವೆ ಎನ್ನುವ ಆನ್‌ಲೈನ್ ಕೋರ್ಸುಗಳಿಗೆ ಈಗ ಬರವಿಲ್ಲ. ಅವುಗಳಲ್ಲಿ ಬಹುಪಾಲು ಯಾವ ಕ್ಯಾಮೆರಾ ಕೊಳ್ಳಬೇಕು, ಯಾವ ಲೆನ್ಸ್ ಹಾಕಬೇಕು, ಮೈಕನ್ನು ಎಲ್ಲಿ ಸಿಕ್ಕಿಸಬೇಕು ಎಂಬಲ್ಲಿಯೇ ಅರ್ಧ ಅವಧಿಯನ್ನು ಕಳೆದುಬಿಡುತ್ತವೆ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಕೋರ್ಸು ಈ ಗುಂಪಿಗೆ ಸೇರಿದ್ದಲ್ಲ. ಚಿತ್ರೀಕರಣ ಮುಗಿದಿದೆ ಎಂದು ಭಾವಿಸಿಕೊಂಡೇ ಇದು ಶುರುವಾಗುತ್ತದೆ. ಕೈಯಲ್ಲಿರುವ ಗಂಟೆಗಟ್ಟಲೆ ಫುಟೇಜನ್ನು ಟಿವಿ ನೋಡುವವರು ಚಾನೆಲ್ ಬದಲಿಸದೆ ನೋಡುವಂಥ ಒಂದು ಕಾರ್ಯಕ್ರಮವಾಗಿ ಕಟ್ಟುವುದು ಹೇಗೆ ಎಂಬುದೊಂದೇ ಇದರ ವಿಷಯ. ಸಂಸ್ಥೆಯ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ನನ್ನ ಮುಖ್ಯ ಆಕ್ಷೇಪ ಈ ಒಂದು ಕೋರ್ಸಿಗಿಂತ ಹೆಚ್ಚಾಗಿ ಟಿವಿ ಸಾಕ್ಷ್ಯಚಿತ್ರವನ್ನು ಕಲಿಸುವ ಒಂದು ಕ್ರಮದ ಮೇಲಿದೆ, ಮತ್ತು ಇದೇ ಪಠ್ಯಕ್ರಮವನ್ನು ಸ್ವಲ್ಪ ಹಿಂದುಮುಂದು ಮಾಡಿ ಬೋಧಿಸುವವರು ಇನ್ನೂ ಹಲವರಿದ್ದಾರೆ.

ಶುಲ್ಕ ಕಟ್ಟಿದವರಿಗೆ ಸಿಗುವುದು ಇಷ್ಟು: ವಿಡಿಯೊ ಪಾಠಗಳು, ಅಭ್ಯಾಸಕ್ಕಾಗಿ ಒಂದು ಫೋಲ್ಡರ್ ತುಂಬ ಕತ್ತರಿಸದ ಫುಟೇಜ್, ಆ ಫುಟೇಜಿನಲ್ಲಿರುವ ಸಂದರ್ಶನಗಳ, ಟೈಮ್‌ಕೋಡ್ (ಮಾತು ಫುಟೇಜಿನ ಎಷ್ಟನೆಯ ನಿಮಿಷ, ಸೆಕೆಂಡಿನಲ್ಲಿದೆ ಎಂಬ ಗುರುತು) ಸಹಿತ ಲಿಖಿತ ಪ್ರತಿ, ಮಾದರಿ ನಿರೂಪಣೆಯ ಕರಡು, ಮತ್ತು ಕೊನೆಯಲ್ಲಿ ನಾವು ಸಿದ್ಧಪಡಿಸಿ ಕಳುಹಿಸುವ ರಫ್ ಕಟ್ (ಸಂಕಲನದ ಮೊದಲ ಕರಡು) ಮೇಲೆ ಬೋಧಕರ ಟಿಪ್ಪಣಿ. ಬೋಧಕರು ಜಾಹೀರಾತು ವಾಹಿನಿಗಳಲ್ಲಿ, ಅಂದರೆ ಜಾಹೀರಾತಿನ ಆದಾಯದಿಂದ ನಡೆಯುವ ವಾಹಿನಿಗಳಲ್ಲಿ, ಬಹುಕಾಲ ದುಡಿದ ಸಂಕಲನಕಾರರು. ಮಾತಿನಲ್ಲಿ ಆಡಂಬರವಿಲ್ಲ, ಉದಾಹರಣೆಯಿಲ್ಲದೆ ಒಂದು ಮಾತನ್ನೂ ಆಡುವುದಿಲ್ಲ. ಸಾಕ್ಷ್ಯಚಿತ್ರವೆಂದರೆ ಸತ್ಯದ ಕನ್ನಡಿ ಎಂಬ ಮಾದರಿಯ ಭಾಷಣ ಮೊದಲ ಪಾಠದಲ್ಲಿ ಇಲ್ಲದಿರುವುದೇ ಒಂದು ಸಮಾಧಾನ.

ಅದರ ಬದಲು ಮೊದಲ ಪಾಠ ಗಡಿಯಾರದಿಂದ ಆರಂಭವಾಗುತ್ತದೆ. ಟಿವಿಯಲ್ಲಿ ಒಂದು ಗಂಟೆ ಎಂದರೆ ಅರವತ್ತು ನಿಮಿಷವಲ್ಲ. ಕಾರ್ಯಕ್ರಮದ ನಡುವೆ ಜಾಹೀರಾತು ಹಾಕದ ಬಿಬಿಸಿಯಂಥ ಸಾರ್ವಜನಿಕ ವಾಹಿನಿಯಲ್ಲಿ ಅದು ಸುಮಾರು 58 ಅಥವಾ 59 ನಿಮಿಷವಾದರೆ, ದೇಶದಿಂದ ದೇಶಕ್ಕೆ ಮಾರಾಟವಾಗುವ ಕಾರ್ಯಕ್ರಮಗಳಿಗೆ 52 ನಿಮಿಷ ಒಂದು ರೂಢಿಯ ಅಳತೆಯಾಗಿದೆ. ಅಮೆರಿಕದ ಜಾಹೀರಾತು ವಾಹಿನಿಗಳಿಗೆ ಬಂದರೆ 42ರಿಂದ 44 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಒಂದೇ ವಿಷಯ, ಒಂದೇ ಫುಟೇಜ್, ಆದರೆ ಮೂರು ಬೇರೆ ಬೇರೆ ಉದ್ದ. ಹೀಗಿರುವಾಗ ರಚನೆ ಎಂಬುದು ವಿಷಯದ ಒಳಗಿಂದ ತಾನಾಗಿ ಅರಳುತ್ತದೆ ಎಂದು ಹೇಳುವುದು ಅರ್ಧ ಸುಳ್ಳಾಗುತ್ತದೆ. ಅದರ ಬಹುಭಾಗವನ್ನು ವಾಹಿನಿಯ ವೇಳಾಪಟ್ಟಿ ಮೊದಲೇ ಬರೆದಿಟ್ಟಿರುತ್ತದೆ. ಈ ಸತ್ಯವನ್ನು ಮುಚ್ಚುಮರೆಯಿಲ್ಲದೆ ಮೊದಲಿಗೇ ಹೇಳಿಬಿಡುವುದು ಈ ಕೋರ್ಸಿನ ದೊಡ್ಡ ಗುಣ.

ಇದಕ್ಕೆ ಪಾಠದಲ್ಲಿ ಕೊಟ್ಟಿರುವ ಉದಾಹರಣೆ ಸೊಗಸಾಗಿದೆ. 2006ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಪ್ಲಾನೆಟ್ ಅರ್ತ್’ ಎಂಬ ಪ್ರಕೃತಿ ಸರಣಿಯ ಹನ್ನೊಂದು ಕಂತುಗಳಲ್ಲಿ ಪ್ರತಿಯೊಂದರ ಕೊನೆಗೂ ಸುಮಾರು ಹತ್ತು ನಿಮಿಷದ ಒಂದು ‘ಡೈರಿ’ ಇತ್ತು. ಛಾಯಾಗ್ರಾಹಕರು ವಾರಗಟ್ಟಲೆ ಕಾದು ಒಂದು ದೃಶ್ಯವನ್ನು ಹಿಡಿದ ಕಥೆಯನ್ನು ಅದು ಹೇಳುತ್ತಿತ್ತು. ನೋಡುವವರಿಗೆ ಅದು ಔದಾರ್ಯದ ಕೊಸರಿನಂತೆ ಕಂಡರೂ, ಕಟ್ಟುವವರ ಕಣ್ಣಿನಿಂದ ನೋಡಿದರೆ ಅದು ಬಿಚ್ಚಿ ತೆಗೆಯಬಹುದಾದ ಒಂದು ಭಾಗ. ಅದನ್ನು ತೆಗೆದರೆ ಉಳಿಯುವ ಕಂತು ಜಾಹೀರಾತು ವಾಹಿನಿಯ ಗಂಟೆಗೆ ಹತ್ತಿರವಾಗುತ್ತದೆ, ಮುಖ್ಯ ಕಥೆಗೆ ಕತ್ತರಿ ಬೀಳುವ ಪ್ರಮಾಣ ತೀರಾ ಕಡಿಮೆಯಾಗುತ್ತದೆ. ನಿರೂಪಣೆಯೂ ಹಾಗೆಯೇ: ಬ್ರಿಟನ್ನಿನಲ್ಲಿ ಡೇವಿಡ್ ಅಟೆನ್‌ಬರೋ ಧ್ವನಿಯಲ್ಲಿ ಬಂದ ಅದೇ ಸರಣಿ ಅಮೆರಿಕದ ಡಿಸ್ಕವರಿ ವಾಹಿನಿಯಲ್ಲಿ ಸಿಗೋರ್ನಿ ವೀವರ್ ಧ್ವನಿಯಲ್ಲಿ ಬಂತು. ಧ್ವನಿಯನ್ನು ಕಳಚಿ ಇನ್ನೊಂದು ಧ್ವನಿಯನ್ನು ತೊಡಿಸಬೇಕಾದರೆ ಸಂಗೀತ ಮತ್ತು ಪರಿಸರದ ಶಬ್ದಗಳನ್ನು ನಿರೂಪಣೆಯಿಂದ ಬೇರ್ಪಡಿಸಿದ ಟ್ರ್ಯಾಕ್‌ಗಳಲ್ಲಿ ಇಟ್ಟಿರಬೇಕು ಎಂಬ ತಾಂತ್ರಿಕ ಅಂಶವನ್ನು ಬೋಧಕರು ಇಲ್ಲಿಯೇ ಹೇಳಿ ಮುಗಿಸುತ್ತಾರೆ.

ಇನ್ನು ಬ್ರೇಕ್. ಇಡೀ ಕೋರ್ಸಿನ ಅತ್ಯುತ್ತಮ ಪಾಠ ಇದೇ, ಮತ್ತು ನನ್ನ ಆಕ್ಷೇಪವೂ ಹುಟ್ಟುವುದು ಇಲ್ಲಿಂದಲೇ. ಜಾಹೀರಾತು ವಾಹಿನಿಯ ಒಂದು ಗಂಟೆಯನ್ನು ಸಾಮಾನ್ಯವಾಗಿ ಐದು ಅಥವಾ ಆರು ಭಾಗಗಳಾಗಿ ಒಡೆಯುತ್ತಾರೆ. ಪ್ರತಿ ಭಾಗದ ಕೊನೆಯಲ್ಲಿ ನೋಡುವವರ ಮನಸ್ಸಿನಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ಉಳಿಯಬೇಕು, ಇಲ್ಲವಾದರೆ ಅವರು ಜಾಹೀರಾತಿನ ನಡುವೆ ಬೇರೆ ಕಡೆಗೆ ಹೋಗಿಬಿಡುತ್ತಾರೆ. ಬ್ರೇಕ್ ಮುಗಿದ ಮೇಲೆ ಮರಳಿ ಬಂದವರಿಗೂ ಆಗಷ್ಟೇ ಈ ವಾಹಿನಿಗೆ ತಿರುಗಿದವರಿಗೂ ಕಥೆ ಎಲ್ಲಿದೆ ಎಂದು ಎರಡು ವಾಕ್ಯದಲ್ಲಿ ತಿಳಿಸಬೇಕು. ಟಿವಿ ಸಾಕ್ಷ್ಯಚಿತ್ರಗಳಲ್ಲಿ ನಮಗೆ ಕಿರಿಕಿರಿ ಉಂಟುಮಾಡುವ ಆ ಪುನರಾವರ್ತನೆ, ಅಂದರೆ ಐದು ನಿಮಿಷದ ಹಿಂದೆ ನೋಡಿದ್ದನ್ನೇ ಮತ್ತೆ ಹೇಳಿ ಮುಂದೆ ನೋಡಲಿರುವುದನ್ನೂ ಮೊದಲೇ ತೋರಿಸಿಬಿಡುವ ಅಭ್ಯಾಸ, ಬರೆಯುವವರ ಸೋಮಾರಿತನದಿಂದ ಬಂದದ್ದಲ್ಲ, ನೋಡುವವರು ಮಧ್ಯದಲ್ಲಿ ಬಂದು ಮಧ್ಯದಲ್ಲಿ ಹೋಗುತ್ತಾರೆ ಎಂಬ ಲೆಕ್ಕಾಚಾರದಿಂದ ಬಂದದ್ದು. ಸಿನಿಮಾ ಮಂದಿರದಲ್ಲಿ ಕುಳಿತವರು ಬಂಧಿಗಳು, ಟಿವಿ ಮುಂದೆ ಕುಳಿತವರ ಕೈಯಲ್ಲಿ ರಿಮೋಟ್ ಇದೆ. ಅದನ್ನು ಮರೆತು ಕಟ್ಟಿದ ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ನೋಡುಗರು ಇರುವುದಿಲ್ಲ.

ಬೋಧಕರು ಇದನ್ನು ಹೇಳಿ ಬಿಟ್ಟುಬಿಡದೆ, ಒಂದು ಗೋಡೆಯ ಮೇಲೆ ಬಣ್ಣದ ಚೀಟಿಗಳನ್ನು ಅಂಟಿಸಿ ತೋರಿಸುತ್ತಾರೆ. ಪ್ರತಿ ದೃಶ್ಯಕ್ಕೆ ಒಂದು ಚೀಟಿ. ಸಂದರ್ಶನಕ್ಕೆ ಒಂದು ಬಣ್ಣ, ನಡೆಯುತ್ತಿರುವ ಘಟನೆಗೆ ಇನ್ನೊಂದು, ಹಳೆಯ ಫುಟೇಜಿಗೆ ಮತ್ತೊಂದು. ಒಂದೇ ಬಣ್ಣದ ಚೀಟಿಗಳು ಸಾಲಾಗಿ ನಿಂತ ಕಡೆ ಕಾರ್ಯಕ್ರಮ ಬಳಲುತ್ತದೆ ಎಂಬುದು ದೂರದಿಂದಲೇ ಕಾಣುತ್ತದೆ. ಭಾಗ ಮುಗಿಯುವಲ್ಲಿ ಒಂದು ಕೆಂಪು ಗೆರೆ. ಆ ಗೆರೆಯ ಪಕ್ಕದ ಚೀಟಿಯಲ್ಲಿ ಪ್ರಶ್ನೆಯೊಂದು ಇಲ್ಲದಿದ್ದರೆ ಚೀಟಿಯನ್ನು ಕಿತ್ತು ಬೇರೆ ಜಾಗಕ್ಕೆ ಹಾಕುತ್ತಾರೆ. ಸಾಫ್ಟ್‌ವೇರಿನ ಟೈಮ್‌ಲೈನ್‌ನಲ್ಲಿ ಗಂಟೆಗಟ್ಟಲೆ ಎಳೆದಾಡಿ ಅರಿಯಬೇಕಾದದ್ದನ್ನು ಗೋಡೆ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ವೃತ್ತಿಪರ ಸಂಕಲನ ಕೊಠಡಿಗಳಲ್ಲಿ ಇಂದಿಗೂ ಇಂಥ ಗೋಡೆಗಳು ಇರುವುದು ಹಳೆಯ ಅಭ್ಯಾಸದ ಮೋಹದಿಂದಲ್ಲ.

ಆರಂಭದ ಕುರಿತ ಪಾಠವೂ ಅಷ್ಟೇ ಗಟ್ಟಿಯಾಗಿದೆ. ಶೀರ್ಷಿಕೆಗೆ ಮುಂಚೆ ಬರುವ ಒಂದೆರಡು ನಿಮಿಷಗಳಲ್ಲಿ ಏನನ್ನು ತೋರಿಸಬೇಕು, ಎಷ್ಟನ್ನು ಬಚ್ಚಿಡಬೇಕು ಎಂಬ ಚರ್ಚೆಯಲ್ಲಿ 1973ರ ‘ದ ವರ್ಲ್ಡ್ ಅಟ್ ವಾರ್’ ಸರಣಿ ಬರುತ್ತದೆ. ಎರಡನೆಯ ಮಹಾಯುದ್ಧದ ಕುರಿತ ಆ 26 ಕಂತುಗಳ ಸರಣಿಯ ಮೊದಲ ಕಂತಿನ ವಿಷಯ 1933ರ ನಂತರದ ಜರ್ಮನಿ. ಕಾಲಾನುಕ್ರಮದಲ್ಲಿ ಹೇಳುವವರು ಹಿಟ್ಲರ್ ಅಧಿಕಾರಕ್ಕೆ ಬಂದಲ್ಲಿಂದ ತೊಡಗುತ್ತಿದ್ದರು. ಆದರೆ ಆ ಕಂತು ತೆರೆಯುವುದು ಫ್ರಾನ್ಸಿನ ಒರಾದೂರ್ ಎಂಬ ಪಾಳುಬಿದ್ದ ಊರಿನ ಮೇಲೆ. 1944ರ ಬೇಸಿಗೆಯಲ್ಲಿ ಸೈನಿಕರು ಬಂದು ಆ ಊರಿನ ಜನರನ್ನು ಕೊಂದು ಹೋದದ್ದನ್ನು ಲಾರೆನ್ಸ್ ಒಲಿವಿಯೆ ಧ್ವನಿ ಹೇಳುತ್ತದೆ, ಅಲ್ಲಿಂದ ಮುಂದೆ ಕಥೆ ಹನ್ನೊಂದು ವರ್ಷ ಹಿಂದಕ್ಕೆ ಹೋಗುತ್ತದೆ. ಇದರಿಂದ ಮುಂದಿನ ಮೆರವಣಿಗೆ, ಬಾವುಟ, ಜಯಘೋಷಗಳನ್ನೆಲ್ಲ ನಾವು ಆ ಪಾಳು ಊರನ್ನು ಕಂಡ ಕಣ್ಣುಗಳಿಂದಲೇ ನೋಡುತ್ತೇವೆ. ಕೊನೆಯ ಕಂತು ಮತ್ತೆ ಅದೇ ಊರಿಗೆ ಬರುತ್ತದೆ. ಯಾವ ಘಟನೆಯನ್ನೂ ಬದಲಿಸದೆ, ಯಾರ ಮಾತನ್ನೂ ತಿರುಚದೆ, ಬರೀ ಸ್ಥಾನಪಲ್ಲಟದಿಂದ ಒಂದು ಸರಣಿ ತನ್ನ ನಿಲುವನ್ನು ಹೇಳಿಕೊಂಡ ಬಗೆಯಿದು. ಇತಿಹಾಸದ ಸರಣಿಯ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಾಣದು.

ಆದರೆ ಕೋರ್ಸು ಈ ಉದಾಹರಣೆಯಿಂದ ತೆಗೆಯುವ ತೀರ್ಮಾನ ಮಾತ್ರ ಬಹಳ ಸಣ್ಣದು: ಬಲವಾದ ದೃಶ್ಯವನ್ನು ಮೊದಲಿಗೆ ತನ್ನಿ. ಅಷ್ಟೇ. ದೃಶ್ಯವನ್ನು ಮೊದಲಿಗೆ ತರುವುದೆಂದರೆ ಒಂದು ಪ್ರತಿಪಾದನೆಯನ್ನು ಮಾಡಿದಂತೆ, ಆ ಪ್ರತಿಪಾದನೆಗೆ ಕಾರ್ಯಕ್ರಮದವರು ಉತ್ತರದಾಯಿಗಳು ಎಂಬ ಮುಂದಿನ ಮಾತನ್ನು ಅವರು ಆಡುವುದಿಲ್ಲ. ಇದನ್ನು ಇಲ್ಲಿ ಗುರುತುಹಾಕಿ ಮುಂದೆ ಹೋಗುತ್ತೇನೆ, ಏಕೆಂದರೆ ಅಭ್ಯಾಸದ ಫುಟೇಜಿನಲ್ಲಿ ಇದೇ ತೊಡಕು ಕಣ್ಣಿಗೆ ರಾಚುವಂತೆ ಬರುತ್ತದೆ.

ಅಭ್ಯಾಸಕ್ಕಾಗಿ ಕೊಟ್ಟಿರುವುದು ನಿಂತುಹೋದ ಒಂದು ಗೋಪುರ ಗಡಿಯಾರವನ್ನು ವಯಸ್ಸಾದ ಕುಶಲಕರ್ಮಿಯೊಬ್ಬರು ದುರಸ್ತಿ ಮಾಡುವ ಫುಟೇಜ್. ಆಯ್ಕೆ ಬುದ್ಧಿವಂತಿಕೆಯದು. ಕೆಲಸಕ್ಕೆ ಒಂದು ಆದಿ, ಒಂದು ಅಂತ್ಯ ಇದೆ. ಕೈಗಳು, ಹಲ್ಲುಚಕ್ರಗಳು, ಎಣ್ಣೆ, ಧೂಳು ಎಲ್ಲವೂ ಹತ್ತಿರದ ಶಾಟ್‌ಗಳಿಗೆ ಒದಗಿಬರುತ್ತವೆ. ಮಾತನಾಡುವ ಮನುಷ್ಯ ಮಾತುಗಾರ. ಸಂದರ್ಶನದ ಲಿಖಿತ ಪ್ರತಿಯನ್ನು ಓದಿ, ಬೇಕಾದ ವಾಕ್ಯಗಳಿಗೆ ಗೆರೆ ಎಳೆದು, ಅವುಗಳನ್ನು ಕಾಗದದ ಮೇಲೆಯೇ ಜೋಡಿಸಿಕೊಳ್ಳುವುದು ಮೊದಲ ಹಂತ. ಇದಕ್ಕೆ ಈ ಕಸುಬಿನವರು ಪೇಪರ್ ಎಡಿಟ್ ಎನ್ನುತ್ತಾರೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಐವತ್ತು ಗಂಟೆಗೂ ಮೀರಿದ ಫುಟೇಜ್ ಬಂದು ಬೀಳುವುದು ಅಪರೂಪವಲ್ಲದ ಈ ಕೆಲಸದಲ್ಲಿ, ಕಾಗದದ ಮೇಲೆ ದಾರಿ ಕಂಡುಕೊಳ್ಳದೆ ಸಂಕಲನಕ್ಕೆ ಕುಳಿತವರು ಫುಟೇಜಿನಲ್ಲಿಯೇ ಕಳೆದುಹೋಗುತ್ತಾರೆ. ಆ ಪಾಠವನ್ನು ಬೋಧಕರು ಅವಸರಿಸದೆ, ಒಂದೊಂದು ವಾಕ್ಯವನ್ನು ಏಕೆ ಬಿಟ್ಟೆವು ಎಂದು ವಿವರಿಸುತ್ತ ನಡೆಸಿಕೊಡುತ್ತಾರೆ. ಕೊಟ್ಟ ಶುಲ್ಕಕ್ಕೆ ನ್ಯಾಯ ಸಿಗುವುದು ಇಲ್ಲಿ.

ಸಂದರ್ಶನದ ಒಂದೆಡೆ ಆ ಕುಶಲಕರ್ಮಿ ಗೋಪುರದ ಮೆಟ್ಟಿಲುಗಳ ಬಗ್ಗೆ ಮಾತನಾಡುತ್ತ, ಇಷ್ಟು ಮೆಟ್ಟಿಲು ಹತ್ತಿ ದಿನವೂ ಬರುವುದು ‘ನನ್ನಿಂದ ಆಗುವ ಕೆಲಸವಲ್ಲ ಅನ್ನಿಸಿತ್ತು’ ಎಂದು ನಗುತ್ತಾರೆ. ಮಾತಿನ ನಂತರ ನಗು ಬರುವುದಕ್ಕೆ ಮುಂಚೆ ಒಂದು ಕ್ಷಣದ ಮೌನವಿದೆ. ಬೋಧಕರ ಮಾದರಿ ಕಟ್‌ನಲ್ಲಿ ಈ ಮಾತು ಎಲ್ಲಿಗೆ ಹೋಗಿದೆ ಎಂದರೆ, ಮುರಿದ ಹಲ್ಲುಚಕ್ರವನ್ನು ಅವರು ಕೈಯಲ್ಲಿ ಹಿಡಿದು ನೋಡುವ ಶಾಟ್‌ನ ಮೇಲೆ, ಎರಡನೆಯ ಬ್ರೇಕ್‌ಗೆ ಸರಿಯಾಗಿ ಮುಂಚೆ. ಮೆಟ್ಟಿಲಿನ ಪ್ರಸ್ತಾಪವನ್ನು ಕತ್ತರಿಸಲಾಗಿದೆ. ಕತ್ತರಿಸಿದ ಜಾಗ ಕಾಣದಿರಲೆಂದು ಅವರ ಮುಖದ ಬದಲು ಚಕ್ರದ ಶಾಟ್ ಹಾಕಲಾಗಿದೆ. ನಗು ಬರುವ ಮುಂಚೆಯೇ ದೃಶ್ಯ ಮುಗಿದು, ಆ ಒಂದು ಕ್ಷಣದ ಮೌನ ಮಾತ್ರ ಉಳಿದು, ಸಂಗೀತ ಏರಿ, ಪರದೆ ಕಪ್ಪಾಗುತ್ತದೆ. ನೋಡಿದವರಿಗೆ ತಿಳಿಯುವುದು ಇಷ್ಟು: ಚಕ್ರ ಕೈಮೀರಿ ಕೆಟ್ಟಿದೆ, ಈ ವೃದ್ಧರು ಸೋಲೊಪ್ಪಿಕೊಳ್ಳುತ್ತಿದ್ದಾರೆ. ಫುಟೇಜಿನಲ್ಲಿ ಎಲ್ಲಿಯೂ ಅವರು ಹಾಗೆ ಹೇಳಿಲ್ಲ. ಚಕ್ರವನ್ನು ಕಂಡಾಗ ಅವರು ಆಡಿದ ನಿಜವಾದ ಮಾತು ಲಿಖಿತ ಪ್ರತಿಯ ಬೇರೆ ಪುಟದಲ್ಲಿದೆ: ಇಂಥದ್ದು ಎಷ್ಟೋ ನೋಡಿದ್ದೇನೆ, ಹಲ್ಲು ಹೊಸದು ಹಾಕಿದರೆ ಸರಿಹೋಗುತ್ತದೆ.

ಕೌಶಲದ ದೃಷ್ಟಿಯಿಂದ ನೋಡಿದರೆ ಕಟ್ ಅತ್ಯುತ್ತಮ. ಬ್ರೇಕ್ ಆದ ಮೇಲೂ ನಾನು ನೋಡುವುದನ್ನು ಮುಂದುವರಿಸುತ್ತಿದ್ದೆ. ಆದರೆ ಒಬ್ಬ ಕುಶಲಕರ್ಮಿಯ ಆತ್ಮವಿಶ್ವಾಸವನ್ನು ಅವರ ಬಾಯಿಂದಲೇ ಅಳಿಸಿಹಾಕಲಾಗಿದೆ, ಮತ್ತು ಇದನ್ನು ಬೋಧಕರು ಹೆಮ್ಮೆಯಿಂದ ವಿವರಿಸುತ್ತಾರೆ. ಸಂದರ್ಭದಿಂದ ಬಿಡಿಸಿದ ತುಣುಕುಗಳನ್ನು ಜೋಡಿಸಿ ಆಡದ ಮಾತನ್ನು ಆಡಿಸುವ ಈ ಬಗೆಗೆ ರಿಯಾಲಿಟಿ ಶೋಗಳ ಸಂಕಲನಕಾರರಲ್ಲಿ ‘ಫ್ರಾಂಕನ್‌ಬೈಟ್’ ಎಂಬ ಹೆಸರೇ ಇದೆ. ಹೆಸರನ್ನು ಕೋರ್ಸು ಎಲ್ಲಿಯೂ ಹೇಳದು, ಕೈಚಳಕವನ್ನು ಮಾತ್ರ ಕಲಿಸುತ್ತದೆ.

ಇದು ಅತಿಸೂಕ್ಷ್ಮ ಮನಸ್ಸಿನವರ ತಕರಾರು ಎಂದು ಯಾರಾದರೂ ಹೇಳಬಹುದು. ಅಂಥವರಿಗೆ 2007ರ ಒಂದು ಪ್ರಕರಣವನ್ನು ನೆನಪಿಸಬೇಕಾಗುತ್ತದೆ. ಬ್ರಿಟನ್ನಿನ ಅಂದಿನ ರಾಣಿ ಎರಡನೆಯ ಎಲಿಜಬೆತ್ ಕುರಿತ ಒಂದು ಸಾಕ್ಷ್ಯಚಿತ್ರ ಸರಣಿಯ ಪ್ರೋಮೋವನ್ನು ಬಿಬಿಸಿ ಪತ್ರಕರ್ತರಿಗೆ ತೋರಿಸಿತು. ಛಾಯಾಚಿತ್ರ ತೆಗೆಯುವಾಗ ಕಿರೀಟ ತೆಗೆಯಲು ಹೇಳಿದ್ದಕ್ಕೆ ರಾಣಿ ಸಿಟ್ಟಾಗಿ ಎದ್ದು ಹೊರನಡೆದರು ಎಂಬಂತೆ ಅದರಲ್ಲಿ ಕಾಣುತ್ತಿತ್ತು. ಅಸಲಿಗೆ ಅವರು ನಡೆದು ಬರುತ್ತಿದ್ದ ಶಾಟ್ ಛಾಯಾಚಿತ್ರ ತೆಗೆಯುವುದಕ್ಕೆ ಮುಂಚಿನದು. ಹೊರಹೋಗುತ್ತಿರುವಂತೆ ಕಂಡದ್ದು ಒಳಬರುತ್ತಿದ್ದ ನಡಿಗೆ. ಎರಡು ಶಾಟ್‌ಗಳ ಕ್ರಮ ಅದಲುಬದಲಾಗಿತ್ತು, ಅಷ್ಟಕ್ಕೇ ಅರ್ಥ ತಲೆಕೆಳಗಾಗಿತ್ತು. ಬಿಬಿಸಿ ಕ್ಷಮೆ ಕೇಳಿತು, ತನಿಖೆ ನಡೆಯಿತು, ಆ ವರ್ಷದ ಅಕ್ಟೋಬರಿನಲ್ಲಿ ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಒಂದು ಶಾಟ್‌ನ ನಂತರ ಇನ್ನೊಂದನ್ನು ಇಟ್ಟಾಗ ನೋಡುವವರು ಮೊದಲಿನದನ್ನು ಕಾರಣವೆಂದೂ ಎರಡನೆಯದನ್ನು ಪರಿಣಾಮವೆಂದೂ ಓದಿಕೊಳ್ಳುತ್ತಾರೆ. ರಷ್ಯಾದ ಚಿತ್ರ ನಿರ್ದೇಶಕ ಕುಲೆಶೊವ್ ಈ ಸ್ವಭಾವವನ್ನು ಪ್ರಯೋಗ ಮಾಡಿ ತೋರಿಸಿ ನೂರು ವರ್ಷವಾಯಿತು. ಕಥಾಚಿತ್ರದಲ್ಲಿ ಇದು ಕಲೆ. ಸಾಕ್ಷ್ಯಚಿತ್ರದಲ್ಲಿಯೂ ಕಲೆಯೇ, ಆದರೆ ಅಲ್ಲಿ ಪರದೆಯ ಮೇಲಿರುವ ಮನುಷ್ಯ ಕಾರ್ಯಕ್ರಮ ಮುಗಿದ ಮೇಲೂ ತನ್ನ ಊರಿನಲ್ಲಿ ಬದುಕಬೇಕು.

ಮರುಸೃಷ್ಟಿಯ, ಅಂದರೆ ಕ್ಯಾಮೆರಾಕ್ಕೆ ಸಿಗದ ಘಟನೆಯನ್ನು ಮತ್ತೆ ಮಾಡಿಸಿ ಚಿತ್ರೀಕರಿಸುವುದರ, ಕುರಿತ ಪಾಠದಲ್ಲಿ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಇತಿಹಾಸ ಚೆನ್ನಾಗಿ ಬಂದಿದೆ: ಹಿಮಪ್ರದೇಶದ ಇನ್ಯೂಟ್ ಜನರ ಬದುಕನ್ನು ತೋರಿಸುವ 1922ರ ‘ನಾನೂಕ್ ಆಫ್ ದ ನಾರ್ತ್’ನಲ್ಲಿ ಮಂಜಿನ ಮನೆಯೊಳಗೆ ಬೆಳಕು ಸಾಲದೆ ಒಂದು ಪಕ್ಕವೇ ಇಲ್ಲದ ಮನೆ ಕಟ್ಟಿಸಿದ್ದು, ಬಂದೂಕು ಬಳಕೆಗೆ ಬಂದಿದ್ದ ಕಾಲದಲ್ಲಿ ಈಟಿಯ ಬೇಟೆಯನ್ನು ಮಾಡಿಸಿದ್ದು, ಎಲ್ಲವನ್ನೂ ಹೇಳುತ್ತಾರೆ. ಆದರೆ ‘ಹೀಗೆ ಎಲ್ಲರೂ ಮೊದಲಿನಿಂದಲೂ ಮಾಡುತ್ತಿದ್ದಾರೆ’ ಎಂಬ ರಾಜಿ ಮಾತಿಗೆ ಅದನ್ನು ಆಧಾರವಾಗಿ ಬಳಸುತ್ತಾರೆ. ಗೆರೆ ಎಲ್ಲಿದೆ ಎಂದು ತೋರಿಸಲು ಬೇಕಾದ ಉದಾಹರಣೆಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದವು. 2011ರಲ್ಲಿ ಪ್ರಸಾರವಾದ ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿಯ ಮರಿಗಳನ್ನು ಹಿಮದಡಿಯ ಗುಹೆಯಲ್ಲಿ ತೋರಿಸಿದ ಶಾಟ್‌ಗಳು ನೆದರ್‌ಲ್ಯಾಂಡ್ಸಿನ ಒಂದು ಪ್ರಾಣಿಸಂಗ್ರಹಾಲಯದಲ್ಲಿ ಚಿತ್ರಿತವಾಗಿದ್ದವು. ನಿರೂಪಣೆಯಲ್ಲಿ ಇದು ಕಾಡಿನಲ್ಲಿ ತೆಗೆದದ್ದು ಎಂಬ ವಾಕ್ಯ ಇರಲಿಲ್ಲ. ಹೇಗೆ ಚಿತ್ರೀಕರಿಸಲಾಯಿತು ಎಂಬ ವಿವರ ಸರಣಿಯ ಜಾಲತಾಣದಲ್ಲಿಯೂ ಇತ್ತು. ಆದರೂ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು, ಏಕೆಂದರೆ ಆ ಶಾಟ್‌ಗಳ ಅಕ್ಕಪಕ್ಕದಲ್ಲಿ ಇದ್ದದ್ದು ನಿಜವಾದ ಉತ್ತರಧ್ರುವ ಪ್ರದೇಶದ ದೃಶ್ಯಗಳು. ತಾಯಿ ಕರಡಿಯ ಗುಹೆಗೆ ಕ್ಯಾಮೆರಾ ತೂರಿಸುವುದು ಪ್ರಾಣಿಗೂ ಮನುಷ್ಯನಿಗೂ ಅಪಾಯ ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಪರದೆಯ ಮೇಲೆ ಒಂದು ಸಾಲು ಹಾಕಿದ್ದರೆ ದೃಶ್ಯದ ಸೊಬಗು ಕೆಡುತ್ತಿತ್ತು ಎಂಬುದನ್ನು ಮಾತ್ರ ಒಪ್ಪಲಾರೆ.

ಇದಕ್ಕೆ ಎದುರಾಗಿ ಎರೋಲ್ ಮೋರಿಸ್ ಅವರು ಒಂದು ಕೊಲೆ ಪ್ರಕರಣದ ಬಗ್ಗೆ ಮಾಡಿದ 1988ರ ‘ದ ಥಿನ್ ಬ್ಲೂ ಲೈನ್’ ಸಾಕ್ಷ್ಯಚಿತ್ರವನ್ನು ಇಟ್ಟು ನೋಡಬಹುದಿತ್ತು. ಅಲ್ಲಿ ಕೊಲೆಯ ದೃಶ್ಯ ಮತ್ತೆ ಮತ್ತೆ ಮರುಸೃಷ್ಟಿಯಾಗುತ್ತದೆ, ಪ್ರತಿ ಸಲವೂ ಒಬ್ಬೊಬ್ಬ ಸಾಕ್ಷಿಯ ಹೇಳಿಕೆಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. ಹೀಗಾಗಿ ಇದು ನಡೆದದ್ದಲ್ಲ, ನಡೆಯಿತೆಂದು ಒಬ್ಬರು ಹೇಳಿದ್ದು ಎಂಬುದು ನೋಡುವವರಿಗೆ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಆ ಪ್ರಕರಣದಲ್ಲಿ ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿದ್ದ ರ್‍ಯಾಂಡಲ್ ಡೇಲ್ ಆಡಮ್ಸ್ 1989ರಲ್ಲಿ ಬಿಡುಗಡೆಯಾದರು. ಮರುಸೃಷ್ಟಿಯನ್ನು ರಚನೆಯ ಒಳಗೇ ಪ್ರಾಮಾಣಿಕಗೊಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಕೋರ್ಸಿನಲ್ಲಿ ಇದರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಅದೂ ಬೆಳಕಿನ ವಿನ್ಯಾಸಕ್ಕಾಗಿ.

ನಿರೂಪಣೆಯ ಪಾಠ ಪ್ರಾಯೋಗಿಕವಾಗಿದೆ. ಚಿತ್ರ ತೋರಿಸುತ್ತಿರುವುದನ್ನೇ ಮಾತು ಹೇಳಬಾರದು. ಕಾಣದ ವಿಷಯವನ್ನು, ಅಂದರೆ ಕಾಲ, ಕಾರಣ, ಸಂಖ್ಯೆ, ಹೆಸರುಗಳನ್ನು ಮಾತು ಒದಗಿಸಬೇಕು. ವಾಕ್ಯ ಮುಗಿದ ಕೂಡಲೇ ಮುಂದಿನದು ಬರದೆ ಚಿತ್ರಕ್ಕೆ ಉಸಿರಾಡಲು ಜಾಗ ಬಿಡಬೇಕು. ಇವೆಲ್ಲ ಸರಿ. ಸೆಕೆಂಡಿಗೆ ಇಷ್ಟು ಪದ ಎಂದು ಕೊಟ್ಟಿರುವ ಲೆಕ್ಕ ಮಾತ್ರ ಇಂಗ್ಲಿಷ್‌ನದು. ಪ್ರತ್ಯಯಗಳೆಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಪದ ಎಣಿಸಿ ಬರೆದರೆ ಓದುವವರು ಓಡಬೇಕಾಗುತ್ತದೆ. ಕನ್ನಡದಲ್ಲಿ ಬರೆಯುವವರು ಲೆಕ್ಕವನ್ನು ಬದಿಗಿಟ್ಟು, ಚಿತ್ರವನ್ನು ಓಡಿಸುತ್ತ ಗಟ್ಟಿಯಾಗಿ ಓದಿ ನೋಡಿಕೊಳ್ಳುವುದೇ ಸುರಕ್ಷಿತ. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಯಲ್ಲಿ ಶಾಟ್ ಬದಲಾಗುವ ಗಳಿಗೆಗೂ ಅರ್ಥ ಪೂರ್ಣವಾಗುವ ಗಳಿಗೆಗೂ ಹೊಂದಿಕೆ ತರುವುದು ಬೇರೆಯೇ ಅಭ್ಯಾಸವನ್ನು ಬೇಡುತ್ತದೆ. ಅದನ್ನು ಈ ಕೋರ್ಸಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಸ್ಥಿರಚಿತ್ರಗಳನ್ನು ಬಳಸುವ ಭಾಗ ಚಿಕ್ಕದಾದರೂ ಚೊಕ್ಕವಾಗಿದೆ. ಕೆನ್ ಬರ್ನ್ಸ್ ಅವರ ಅಮೆರಿಕದ ಅಂತರ್ಯುದ್ಧದ ಕುರಿತ ‘ದ ಸಿವಿಲ್ ವಾರ್’ ಸರಣಿ 1990ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ ಸತತ ಐದು ರಾತ್ರಿ ಪ್ರಸಾರವಾಯಿತು. ಚಲನಚಿತ್ರ ಹುಟ್ಟುವುದಕ್ಕೆ ಮುಂಚಿನ ಯುದ್ಧವಾದ್ದರಿಂದ ಅದರಲ್ಲಿ ಯುದ್ಧಕಾಲದ ಫುಟೇಜ್ ಎಂಬುದೇ ಇರಲು ಸಾಧ್ಯವಿರಲಿಲ್ಲ. ಫೋಟೊ, ಪತ್ರ, ಧ್ವನಿ ಇವೇ ಮುಖ್ಯ ಬಂಡವಾಳ. ಒಂದು ಗುಂಪಿನ ಫೋಟೊದಲ್ಲಿ ಕ್ಯಾಮೆರಾ ಒಂದು ಮುಖದಿಂದ ಹೊರಟು ನಿಧಾನವಾಗಿ ಇನ್ನೊಬ್ಬನ ಕೈಯಲ್ಲಿರುವ ಟೋಪಿಗೆ ಬಂದು ನಿಂತರೆ, ಆ ಒಂದು ಫೋಟೊದಲ್ಲಿಯೇ ಆದಿ, ಮಧ್ಯ, ಅಂತ್ಯ ಹುಟ್ಟುತ್ತವೆ ಎಂದು ಬೋಧಕರು ಬೇರೊಂದು ಫೋಟೊ ಇಟ್ಟುಕೊಂಡು ಮಾಡಿ ತೋರಿಸುತ್ತಾರೆ. ಇಂದು ಫೋನಿನ ಆ್ಯಪ್‌ಗಳು ತಮ್ಮಷ್ಟಕ್ಕೆ ಮಾಡಿಬಿಡುವ ಚಲನೆಯಲ್ಲಿ ಇಲ್ಲದಿರುವುದು ಈ ವಿವೇಚನೆಯೇ.

ಸಂಗೀತದ ಪಾಠ ನಿರಾಸೆ ಮೂಡಿಸುತ್ತದೆ. ಸಿದ್ಧಸಂಗೀತದ ಭಂಡಾರದಲ್ಲಿ ಭಾವಕ್ಕೆ ತಕ್ಕ ತುಣುಕು ಹುಡುಕುವುದು ಹೇಗೆ ಎಂಬುದರಾಚೆಗೆ ಅದು ಹೋಗುವುದೇ ಇಲ್ಲ. ಎಲ್ಲಿ ಸಂಗೀತ ಬೇಡ ಎಂಬುದನ್ನು ಕಲಿಸದ ಸಂಗೀತದ ಪಾಠ ಅರ್ಧ ಪಾಠ.

ಇನ್ನೊಂದು ಕೊರತೆ, ಎಲ್ಲ ಸಾಕ್ಷ್ಯಚಿತ್ರಗಳೂ ನಿರೂಪಕನ ಧ್ವನಿ, ತಜ್ಞರ ಸಂದರ್ಶನ, ಮರುಸೃಷ್ಟಿ ಈ ಮೂರರಿಂದ ಕಟ್ಟಿದವು ಎಂಬ ಭಾವನೆ ಮೂಡುವಂತಿರುವುದು. 1960ರ ‘ಪ್ರೈಮರಿ’ಯಲ್ಲಿ ರಾಬರ್ಟ್ ಡ್ರೂ ಮತ್ತವರ ಸಂಗಡಿಗರು ಹೆಗಲ ಮೇಲಿಟ್ಟು ನಡೆಯಬಹುದಾದ ಕ್ಯಾಮೆರಾ ಮತ್ತು ಅದರ ಜೊತೆಗೇ ಧ್ವನಿ ಹಿಡಿಯುವ ರೆಕಾರ್ಡರ್‌ಗಳನ್ನು ಹಿಡಿದು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಒಂದೇ ಪಕ್ಷದ ಅಭ್ಯರ್ಥಿಯಾಗಲು ಪೈಪೋಟಿಗಿಳಿದಿದ್ದ ಕೆನಡಿ ಮತ್ತು ಹಂಫ್ರಿ ಅವರ ಚುನಾವಣಾ ಪ್ರಚಾರವನ್ನು ಹಿಂಬಾಲಿಸಿದರು. ಏನಾಗುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿಲ್ಲದ, ಆದರೆ ಒಂದು ನಿಗದಿತ ದಿನ ಫಲಿತಾಂಶ ಬಂದೇ ಬರುವ ಘಟನೆಯನ್ನು ಆರಿಸಿಕೊಂಡರೆ ರಚನೆಯ ಬೆನ್ನೆಲುಬು ಘಟನೆಯೊಳಗೇ ಸಿಗುತ್ತದೆ ಎಂಬ ಪಾಠ ಅಲ್ಲಿದೆ. 1964ರಲ್ಲಿ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ಏಳು ವರ್ಷದ ಮಕ್ಕಳನ್ನು ಕೂರಿಸಿ ಮಾಡಿದ ‘ಸೆವೆನ್ ಅಪ್’ ಇನ್ನೊಂದು ದಾರಿ ತೋರಿಸಿತು: ಪ್ರತಿ ಏಳು ವರ್ಷಕ್ಕೊಮ್ಮೆ ಅವರಲ್ಲಿಗೇ ಮರಳಿ ಹೋಗಿ, ಹಳೆಯ ಮಾತನ್ನೂ ಹೊಸ ಮುಖವನ್ನೂ ಅಕ್ಕಪಕ್ಕ ಇಟ್ಟರು. ಅಲ್ಲಿ ಕಥೆ ಹೇಳುವುದು ಕಾಲ. ಬ್ರೇಕ್‌ಗೆ ಮುಂಚೆ ಕೃತಕ ಕುತೂಹಲ ಹುಟ್ಟಿಸುವ ಅಗತ್ಯವೇ ಬೀಳಲಿಲ್ಲ. ಇವೆರಡೂ ಟಿವಿಗಾಗಿಯೇ ಮಾಡಿದ ಕೆಲಸಗಳು, ಆದ್ದರಿಂದ ‘ಇದು ಟಿವಿ ಕೋರ್ಸು’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಸ್ಟ್ರೀಮಿಂಗ್ ವೇದಿಕೆಗಳ ಕುರಿತು ಕೊನೆಯಲ್ಲಿ ಒಂದು ಸೇರ್ಪಡೆ ಇದೆ. ಅಲ್ಲಿ ನಿಮಿಷದ ಕಟ್ಟುಪಾಡು ಸಡಿಲ, ಹಲವು ಕಡೆ ಬ್ರೇಕ್ ಕೂಡ ಇಲ್ಲ, ಹಾಗಿದ್ದರೂ ಕಂತಿನ ಕೊನೆಯಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವ ವ್ಯವಸ್ಥೆ ಇರುವುದರಿಂದ ಬ್ರೇಕ್‌ನ ತರ್ಕವೆಲ್ಲ ಕಂತಿನ ಅಂಚಿಗೆ ಸರಿದಿದೆ ಎಂದು ಬೋಧಕರು ಸರಿಯಾಗಿಯೇ ಗುರುತಿಸುತ್ತಾರೆ. ಎರಡು ಕಂತಿಗೆ ಸಾಲುವ ವಿಷಯವನ್ನು ಆರು ಕಂತಿಗೆ ಎಳೆದ ಅಪರಾಧ ಸರಣಿಗಳನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಕಳುಹಿಸಿದ ರಫ್ ಕಟ್‌ಗೆ ಬಂದ ಟಿಪ್ಪಣಿಗಳ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಟೈಮ್‌ಕೋಡ್ ಸಹಿತ, ಶಾಟ್‌ನಿಂದ ಶಾಟ್‌ಗೆ ಬರೆದ ಟಿಪ್ಪಣಿಗಳವು. ಹೊಗಳಿಕೆಯ ಪದಗಳನ್ನು ತುಂಬಿ ಕಳುಹಿಸುವ ರೂಢಿ ಇಲ್ಲಿಲ್ಲ. ನನ್ನ ಕಟ್‌ನಲ್ಲಿ ಎರಡನೆಯ ಬ್ರೇಕ್‌ಗೆ ಮುಂಚೆ ನಾನು ಹಲ್ಲುಚಕ್ರದ ಬಗ್ಗೆ ಕುಶಲಕರ್ಮಿ ನಿಜವಾಗಿ ಆಡಿದ ಮಾತನ್ನೇ ಇಟ್ಟು, ಹೊಸ ಹಲ್ಲನ್ನು ಅರದಿಂದ ಉಜ್ಜುತ್ತಿರುವ ಕೈಯ ಮೇಲೆ ನಿಲ್ಲಿಸಿದ್ದೆ: ಸರಿಹೋಗುತ್ತದೆ ಎನ್ನುತ್ತಾರೆ, ಆದರೆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಕಚ್ಚಿಕೊಳ್ಳುತ್ತದೆ ಎಂಬುದು ಅವರದೇ ಮಾತು. ಪ್ರಶ್ನೆ ಅಲ್ಲಿಯೂ ಇದೆ, ಅದು ಆ ಕೆಲಸದಲ್ಲಿಯೇ ಇರುವ ಪ್ರಶ್ನೆ. ಬೋಧಕರ ಟಿಪ್ಪಣಿ ‘ಒತ್ತಡ ಸಾಲದು’ ಎಂದಿತು. ಅವರ ವೃತ್ತಿಯ ಅನುಭವದಿಂದ ನೋಡಿದರೆ ಅದು ಸರಿಯಿರಬಹುದು. ನಾನು ಅದನ್ನು ಬದಲಿಸಲಿಲ್ಲ.

ಈ ಕೋರ್ಸು ಯಾರಿಗೆ ಎಂದು ಕೇಳಿದರೆ, ಚಿತ್ರೀಕರಿಸಿದ ಫುಟೇಜ್ ಕೈಯಲ್ಲಿದ್ದು ಎಲ್ಲಿಂದ ಹಿಡಿಯಬೇಕೆಂದು ತಿಳಿಯದವರಿಗೆ, ಸುದ್ದಿ ವಾಹಿನಿಗಳಿಂದ ದೀರ್ಘ ಕಾರ್ಯಕ್ರಮಗಳತ್ತ ಬರುತ್ತಿರುವ ಸಂಕಲನಕಾರರಿಗೆ, ಮತ್ತು ಟಿವಿಯಲ್ಲಿ ತಾವು ನೋಡುತ್ತಿರುವುದು ಹೇಗೆ ತಯಾರಾಗುತ್ತದೆ ಎಂಬ ಕುತೂಹಲವಿರುವ ಸಾಮಾನ್ಯ ನೋಡುಗರಿಗೆ ನಿಸ್ಸಂಕೋಚವಾಗಿ ಹೇಳಬಹುದು. ಮೊದಲ ಸಾಕ್ಷ್ಯಚಿತ್ರದ ಕನಸಿನಲ್ಲಿರುವ ವಿದ್ಯಾರ್ಥಿಗಳು ಇದೊಂದನ್ನೇ ನಂಬಿಕೊಳ್ಳದೆ, ಸಂದರ್ಶನ ಕೊಟ್ಟವರ ಹಕ್ಕು, ಅವರಿಂದ ಪಡೆಯಬೇಕಾದ ಒಪ್ಪಿಗೆ, ಕಟ್ ಆದ ಮೇಲೆ ಅವರಿಗೆ ತೋರಿಸಬೇಕೇ ಬೇಡವೇ ಎಂಬ ವಿಷಯಗಳನ್ನು ಬೇರೆಡೆ ಓದಿಕೊಳ್ಳಬೇಕು. ಅವುಗಳ ಸುದ್ದಿಯೇ ಇಲ್ಲಿಲ್ಲ. ಕೊಂಡವರು ಪಾಠಗಳನ್ನು ಕ್ರಮವಾಗಿ ನೋಡಬೇಕೆಂದಿಲ್ಲ. ಪೇಪರ್ ಎಡಿಟ್ ಪಾಠವನ್ನು ಮೊದಲು ಮುಗಿಸಿ, ಗಡಿಯಾರದ ಫುಟೇಜನ್ನು ತಾವೇ ಒಮ್ಮೆ ಕಟ್ಟಿ, ಆಮೇಲಷ್ಟೇ ಬೋಧಕರ ಮಾದರಿ ಕಟ್ ತೆರೆಯುವುದು ಒಳ್ಳೆಯದು, ಮೊದಲೇ ನೋಡಿದರೆ ಅದರ ಹಿಡಿತದಿಂದ ಹೊರಬರುವುದು ಕಷ್ಟ. ಅಭ್ಯಾಸದ ಫುಟೇಜ್ ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ನೋಂದಣಿಯ ಅವಧಿ ಮುಗಿದೊಡನೆ ನಿಂತುಹೋಗುತ್ತದೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ಹಾಗಾಗಿ ಸೇರಿದ ದಿನವೇ ಆ ಫೋಲ್ಡರನ್ನೂ ಲಿಖಿತ ಪ್ರತಿಯನ್ನೂ ಇಳಿಸಿಟ್ಟುಕೊಳ್ಳಿ.